ಕನಸಿನ ಭಾಷೆ ಕೇಳಿದ ಮೇಡಂ

ಹೋದ ವಾರ ನಮ್ಮ ವಿಭಾಗದ ಹಳೆಯ ಕಪಾಟು ಖಾಲಿ ಮಾಡಿಸುವಾಗ ತಳದಲ್ಲಿದ್ದ ಒಂದು ಕಾಗದದ ಗಂಟು ಬಿಚ್ಚಿದೆ. ತಂಬಾಕಿನ ಘಾಟು ಮೂಗಿಗೆ ಬಡಿದು ಎರಡು ಸಲ ಸೀನಿದೆ. ಇಷ್ಟು ವರ್ಷವಾದರೂ ಆ ವಾಸನೆ ಹೋಗಿಲ್ಲವಲ್ಲ... ಒಳಗಿದ್ದದ್ದು ಹಳೆಯ ಪ್ರಶ್ನಾವಳಿಗಳು, ಅರ್ಧಕ್ಕರ್ಧ ನನ್ನದೇ ಕೈಬರಹ. ಪ್ರಮೋಶನ್ ಅರ್ಜಿಯ ‘ಸಂಶೋಧನಾ ಆಸಕ್ತಿ’ ಎಂಬ ಕಾಲಂ ತುಂಬುತ್ತಿದ್ದವಳು ಅದನ್ನು ಬಿಟ್ಟು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಆ ಕಾಲಂ ತುಂಬಿ ತುಂಬಿ ನನಗೂ ಸಾಕಾಗಿದೆ. ಆಸಕ್ತಿ ಯಾವತ್ತೋ ಹೋಗಿದೆ, ಅರ್ಜಿ ಮಾತ್ರ ಪ್ರತಿ ಸಲ ಬರುತ್ತದೆ.

ನನಗೆ ಮನಶ್ಶಾಸ್ತ್ರ ಕಲಿಸಿದ ಮೇಡಂ ಚಿಕ್ಕೋಡಿಯ ಇದೇ ಕಾಲೇಜಿನಲ್ಲಿದ್ದರು, ಇದೇ ಕೋಣೆಯಲ್ಲಿ ಕೂರುತ್ತಿದ್ದರು. ಗದಗಿನ ಕಡೆಯವರು. ಪಿಎಚ್.ಡಿ. ಇಲ್ಲದಿದ್ದರೆ ಪ್ರಮೋಶನ್ ಇಲ್ಲ ಎಂದು ಎಲ್ಲರೂ ಅದರ ಹಿಂದೆ ಬಿದ್ದಿದ್ದ ಕಾಲ ಅದು. ಅವರ ಜೊತೆಯವರು ಹಾಸ್ಟೆಲ್ ಹುಡುಗರ ಪರೀಕ್ಷಾ ಭಯ ಅಳೆದು, ಪುಟಗಟ್ಟಲೆ ಕೋಷ್ಟಕ ಹಾಕಿ, ಬೇಗ ಬೇಗ ಡಾಕ್ಟರ್ ಆಗಿ ಬಾಗಿಲಿಗೆ ಬೋರ್ಡು ಹಾಕಿಕೊಂಡರು. ನಮ್ಮ ಮೇಡಂ ಮಾತ್ರ ಬೇರೆ ದಾರಿ ಹಿಡಿದರು. ಎರಡು ಭಾಷೆ ಆಡುವ ಹೆಂಗಸರಿಗೆ ಕನಸು ಯಾವ ಭಾಷೆಯಲ್ಲಿ ಬೀಳುತ್ತದೆ, ದುಃಖ ಯಾವುದರಲ್ಲಿ ಬರುತ್ತದೆ ಎಂದು ಕೇಳಲು ಹೊರಟರು. ಸ್ಟಾಫ್ ರೂಮಿನಲ್ಲಿ ಅವರನ್ನು ‘ಕನಸಿನ ಮೇಡಂ’ ಎಂದು ನಗೆಯಾಡುತ್ತಿದ್ದರು.

ಅವರಿಗೆ ಮರಾಠಿ ಬರುತ್ತಿರಲಿಲ್ಲ. ನಾನು ನಿಪ್ಪಾಣಿಯಲ್ಲಿ ಬೀಡಿ ಕಟ್ಟುವವರ ಓಣಿಯವಳು. ಒಳಗೆ ಅವ್ವನ ಜೊತೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಬಿ.ಎ. ಎರಡನೆಯ ವರ್ಷದಲ್ಲಿದ್ದ ನನ್ನನ್ನು ಅವರು ಸಹಾಯಕ್ಕೆ ಕರೆದರು. ಪ್ರತಿ ರವಿವಾರ ಬಸ್ಸು ಹತ್ತಿ ಬರುವರು. ಹೆಂಗಸರು ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಸುತ್ತುತ್ತ ಉತ್ತರ ಹೇಳುವರು, ನಾನು ಬರೆದುಕೊಳ್ಳುವೆ. ತಂಬಾಕಿನ ಪುಡಿ ಹಾಳೆಯ ಮೇಲೆಲ್ಲ ಉದುರುತ್ತಿತ್ತು.

ನಮ್ಮ ಕಡೆ ಕಾಗದ ಕಂಡರೇ ಜನಕ್ಕೆ ಅನುಮಾನ. ಅದರಲ್ಲೂ ನಿಮ್ಮದು ಯಾವ ಭಾಷೆ ಎಂದು ಕೇಳಿದರೆ ಮುಗಿಯಿತು, ಗಡಿಯ ಗದ್ದಲವೆಲ್ಲ ನೆನಪಾಗುತ್ತದೆ. ಶುರುವಿನಲ್ಲೇ ಪಕ್ಕದ ಮನೆಯ ಮುದುಕಿ, ಓಣಿಗೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ನನ್ನನ್ನು ಒಳಗೆ ಕರೆದು ಕೇಳಿದಳು.

“ಇದನ್ಯಾಕ ಕೇಳಾಕತ್ತಾರ ಬೇ? ನಾಳೆ ರೇಶನ್ ಕಾರ್ಡ್ ಗೀರ್ಡ್ ಕಸಗೋತಾರೇನ?”

“ಏನೂ ಆಗೂದಿಲ್ಲ ಮಾವಶಿ. ಕನಸು ಗಿನಸು ಎಲ್ಲಾ ಕನ್ನಡ ಅಂತ ಹೇಳಿಬಿಡು. ಮೇಡಂಗೂ ಖುಷಿ ಆಕ್ಕೈತಿ.”

ಅಷ್ಟಕ್ಕೇ ನಿಲ್ಲಲಿಲ್ಲ. ಪ್ರತಿ ಶನಿವಾರ ಸಂಜೆ ಮನೆ ಮನೆಗೆ ಹೋಗಿ ಅದನ್ನೇ ಹೇಳಿಬಂದೆ. ಯಾರೂ ಹೆದರಿ ಬಾಗಿಲು ಹಾಕಿಕೊಳ್ಳಬಾರದು, ಮೇಡಂ ಬರಿಗೈಲಿ ಬಸ್ಸು ಹತ್ತಬಾರದು, ಆ ನಗುವವರ ಮುಂದೆ ಸೋಲಬಾರದು. ಅವರ ಮೇಲೆ ನನಗೆ ಅಷ್ಟು ಜೀವವಿತ್ತು. ಎರಡು ವರ್ಷ ಹೀಗೇ ನಡೆಯಿತು. ಉತ್ತರಗಳು ಸರಾಗವಾಗಿ ಬಂದವು, ಮೇಡಂ ಅರ್ಧ ಪ್ರಬಂಧ ಬರೆದೂ ಆಗಿತ್ತು.

ಒಂದು ರವಿವಾರ ನಾನು ಮದುವೆಗೆಂದು ಕುಡಚಿಗೆ ಹೋಗಿದ್ದೆ. ಗೊತ್ತಿಲ್ಲದೆ ಮೇಡಂ ಬಂದಿದ್ದಾರೆ. ಬರೆಯುವವಳು ಇಲ್ಲವೆಂದು ಕಾಗದ ಚೀಲದಲ್ಲೇ ಬಿಟ್ಟು, ಮಾವಶಿಯ ಕಟ್ಟೆಯ ಮೇಲೆ ಕೂತು ಅವಳ ಜೊತೆ ಎಲೆ ಕತ್ತರಿಸಿದ್ದಾರೆ. ಕಾಗದ ಕಾಣದ್ದಕ್ಕೋ ಏನೋ, ಮಾವಶಿ ಬಾಯಿಬಿಟ್ಟಳು. ಏನು ಹೇಳಿದಳೆಂದು ಆಮೇಲೆ ಅವಳೇ ನನಗೆ ತಿಳಿಸಿದಳು.

“ಖರೆ ಹೇಳ್ಲೇನ್ರಿ ಅಕ್ಕೋರ? ಕನ್ನಡ ಅಂತ ಹೇಳು ಅಂತ ನಿಮ್ಮ ಹುಡುಗಿನs ಹೇಳಿದ್ಲು. ನಮ್ಮ ಮನಿಯವ್ರು ತೀರಿ ಭಾಳ ವರ್ಷ ಆತು. ಕನಸಿನ್ಯಾಗ ಬರ್ತಾರ, ಬಾಗಿಲದಾಗ ನಿಂದರ್ತಾರ. ಮಾತs ಆಡೂದಿಲ್ರಿ.”

ಸೋಮವಾರ ಮೇಡಂ ನನ್ನನ್ನು ಈ ಕೋಣೆಗೆ ಕರೆದರು. ದನಿ ಏರಿಸಲಿಲ್ಲ.

“ನೀ ಓಣ್ಯಾಗ ಮೊದ್ಲs ಏನರ ಹೇಳಿಟ್ಟಿದ್ದೇನು?”

“ಇಲ್ರಿ ಮೇಡಂ.”

“ಆತು ಬಿಡು,” ಎಂದು ಹಾಳೆಗಳನ್ನು ಜೋಡಿಸಿ ಗಂಟು ಕಟ್ಟಿದರು. ಉತ್ತರಗಳು ನಂಬುವಂಥವಲ್ಲ ಎಂದು ತಮ್ಮ ಗೈಡಿಗೆ ತಾವೇ ಪತ್ರ ಬರೆದರು. ಹೇಗೋ ಮುಗಿಸಿ ಕೊಟ್ಟುಬಿಡಿ ಎಂದು ಅವರು ಹೇಳಿದರಂತೆ, ಇವರು ಕೊಡಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡುವ ಶಕ್ತಿಯೂ ಉಳಿದಿರಲಿಲ್ಲವೇನೋ... ಸೇರಿದ ಹುದ್ದೆಯಲ್ಲೇ ನಿವೃತ್ತರಾದರು. ನನ್ನ ಎಂ.ಎ.ಗೆ ಶಿಫಾರಸು ಪತ್ರ ಬರೆದುಕೊಟ್ಟದ್ದೂ ಅವರೇ. ಅದರಲ್ಲಿ ‘ನಂಬಿಕಸ್ತಳು’ ಎಂಬ ಮಾತಿತ್ತು. ಯಾಕೆ ಬರೆದರೋ ಗೊತ್ತಿಲ್ಲ, ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ. ನಾನು ಹಾಸ್ಟೆಲ್ ಹುಡುಗರ ಪರೀಕ್ಷಾ ಭಯವನ್ನೇ ಅಳೆದು ಡಾಕ್ಟರ್ ಆದೆ.

ಪ್ರತಿ ದಸರೆಗೆ ಫೋನ್ ಮಾಡುತ್ತಿದ್ದೆ. “ಬಂಗಾರದಂಗ ಇರು,” ಎಂದು ಹರಸಿ, “ಹೊಸಾದೇನ ಓದಾಕತ್ತಿ?” ಎಂದು ಕೇಳುವರು. ಪೇಪರ್ ತಿದ್ದುತ್ತಿದ್ದೇನೆ, ಫೈಲು ಮಾಡುತ್ತಿದ್ದೇನೆ ಎನ್ನುವೆ. ಈ ಸಲ ಹೇಳಿಬಿಡೋಣ ಎಂದುಕೊಳ್ಳುವಷ್ಟರಲ್ಲಿ ಅವರು ಆರೋಗ್ಯದ ಮಾತು ತೆಗೆಯುವರು. ಹೋದ ತಿಂಗಳು ತೀರಿಕೊಂಡರು. ರಜೆ ಸಿಗಲಿಲ್ಲ, ಗದಗಿಗೆ ಹೋಗಲಾಗಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ರಜೆ ಕೇಳಿಯೇ ಇರಲಿಲ್ಲ. ಯಾವ ಮುಖ ಹೊತ್ತು ಹೋಗಲಿ?

ಸಂಶೋಧನಾ ವಿಧಾನದ ಪಾಠದಲ್ಲಿ ಈ ಕಥೆಯನ್ನು ವರ್ಷವೂ ಹೇಳುತ್ತೇನೆ, ‘ಒಬ್ಬ ಹುಡುಗಿ ಹೀಗೆ ಮಾಡಿದಳು’ ಎಂದು. ಮಕ್ಕಳು ಬರೆದುಕೊಳ್ಳುತ್ತಾರೆ, ನಾನು ಮುಂದಿನ ಪಾಠಕ್ಕೆ ಹೋಗುತ್ತೇನೆ. ನಿನ್ನೆಯೂ ಹೇಳಿದೆ. ರಾಯಬಾಗದಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು.

“ಆ ಹುಡುಗಿ ಮುಂದ ಏನಾದ್ಲ್ರಿ ಮೇಡಂ?”

ಇಷ್ಟು ವರ್ಷ ಯಾರೂ ಇದನ್ನು ಕೇಳಿರಲಿಲ್ಲ. ಸುಳ್ಳು ಹೇಳುವುದಕ್ಕೂ ತ್ರಾಣ ಬೇಕು. “ಆ ಹುಡುಗಿ ನಾನs,” ಎಂದೆ.

ಎಲ್ಲರೂ ತಲೆ ಎತ್ತಿ ನೋಡಿದರು. ಅವಳು ಕೂರಲಿಲ್ಲ. ದನಿ ತಗ್ಗಿಸಿ ಕೇಳಿದಳು.

“ಅವರಿಗೆ ಹೇಳಿದ್ರೇನ್ರಿ?”

“ಇಲ್ಲವ್ವಾ. ಇನ್ನೊಂದ್ ಸಲ ಕೇಳ್ತಾರ ಅಂತ ಕಾದೆ. ಅವ್ರು ಕೇಳಲೇ ಇಲ್ಲ.”