ಪ್ಲೈವುಡ್ಡಿನ ಓಶೊಗ್ಬೊ

ದುಬೈಗೆ ಬಂದ ಮೇಲೆ ಲೆಸ್ಟರ್ ಪಿಂಟೊ ಜಗತ್ತಿನ ಮುಕ್ಕಾಲು ಪಾಲು ಪರಂಪರೆಯನ್ನು ಪ್ಲೈವುಡ್ಡಿನಲ್ಲಿ ಕಟ್ಟಿ ಮುಗಿಸಿದ್ದ. ಭಟ್ಕಳದ ಅಬ್ದುಲ್ ರವೂಫರು ಪ್ರದರ್ಶನಗಳಿಗೆ ಮಂಟಪ, ಕೋಟೆ, ಮಹಾದ್ವಾರ ಕಟ್ಟಿಕೊಡುವ ಕಂಪನಿ ನಡೆಸುತ್ತಿದ್ದರು. ಅಲ್ಲಿ ಅವನಿಗೆ ಕೆಲಸ, ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಲ್ಲಿ ಹಾಸಿಗೆ. ತಾನು ನೋಡದ ದೇಶಗಳ ಬಗ್ಗೆ ಅವನಷ್ಟು ಖಚಿತವಾಗಿ ಮಾತನಾಡುವವರು ಕಡಿಮೆ. ಉಡುಪಿ ಕಡೆಯ ಊರಿನಲ್ಲಿದ್ದ ಹೆಂಡತಿ ಡೆಲ್ಫಿನ್‌ಗೆ ಫೋನಿನಲ್ಲಿ, "ಈಜಿಪ್ಟ್ ಮುಗೀತು, ನಾಳೆಯಿಂದ ಗ್ರೀಸ್" ಅನ್ನುತ್ತಿದ್ದ.

ಆದರೆ ಅವನ ವೀಸಾದಲ್ಲಿದ್ದ ಹುದ್ದೆ 'ಕಾರ್ಪೆಂಟರ್'. ಆ ಹುದ್ದೆಗೆ ಹೆಂಡತಿಯನ್ನು ಕರೆಸಿಕೊಳ್ಳುವ ಫ್ಯಾಮಿಲಿ ವೀಸಾ ಸಿಗುತ್ತಿರಲಿಲ್ಲ. 'ಡಿಸೈನರ್' ಆದರೆ ಸಿಗುತ್ತಿತ್ತು. ೨೦೧೪ರ ಚಳಿಗಾಲದಲ್ಲಿ ರವೂಫರು ಮಾತು ಕೊಟ್ಟರು: ನೈಜೀರಿಯಾದ ಯೊರುಬಾ ಜನರ ಪುರಾತನ ಸ್ಥಳಗಳ ಮಂಟಪ ಪಾಸಾದರೆ ಹುದ್ದೆ ಬದಲಾಯಿಸುವುದು.

ಮಂಟಪ ಮಾಡಿಸುತ್ತಿದ್ದ ದುಬೈಯ ಯೊರುಬಾ ಸಂಘದವರು ಒಂದು ಕಟ್ಟು ಫೋಟೊ ಕಳಿಸಿದ್ದರು. ಲೆಸ್ಟರ್ ಅದನ್ನು ಬಿಚ್ಚುವ ಗೋಜಿಗೆ ಹೋಗಲಿಲ್ಲ. ಜೋರ್ಡಾನಿನ ಮಂಟಪದಲ್ಲಿ ಉಳಿದಿದ್ದ ಬಂಡೆಗೆ ಬೂದು ಬಣ್ಣ ಹೊಡೆದು ಅಬೆಯೊಕುಟಾದ ಓಲುಮೊ ಬಂಡೆ ಮಾಡಿದ. ಇಫೆ ಪಟ್ಟಣದ ಒರನ್ಮಿಯನ್ ಕಲ್ಲುಕಂಬಕ್ಕೆ ರೋಮಿನ ಕಂಬವೊಂದು ಸಾಕಾಯಿತು. ಉಳಿದದ್ದು ಓಶೊಗ್ಬೊದ ದೇವಿಬನ: ಕೊಡಲಿ ತಾಗದ ಕಾಡು, ಹೊಳೆ, ದಡದಲ್ಲಿ ಹೊಳೆಯ ತಾಯಿ ಓಶುನ್. ಹೊಳೆ, ತಾಯಿ ಎಂದದ್ದೇ ತಡ, ಕೆಥೊಲಿಕ್ ಕೈ ತಾನಾಗಿ ಓಡಿತು. ಊರಿನ ಇಗರ್ಜಿಗೆಂದು ಮಾಡಿದ್ದ ಮಾತೆ ಮರಿಯಳ ಅಚ್ಚು ಅವನ ಬಳಿಯೇ ಇತ್ತು; ಅದರಲ್ಲೇ ಫೈಬರಿನ ಮೂರ್ತಿ ತೆಗೆದ. ತಗ್ಗಿದ ತಲೆ, ಜೋಡಿಸಿದ ಕೈ, ನೀಲಿ ಮುಸುಕು. ಮುಖಕ್ಕೆ ಕಪ್ಪು ಬಳಿದ. ಆಫ್ರಿಕಾ ಆಯಿತು.

ಪರೀಕ್ಷೆಗೆ ಬಂದವರು ಸಂಘದ ಕಾರ್ಯದರ್ಶಿ ಫೊಲಾಕೆ, ಜುಮೇರಾ ಲೇಕ್ ಟವರ್ಸ್‌ನಲ್ಲಿ ವಕೀಲೆ. ಜೊತೆಗೆ ರವೂಫರು, ಅವರ ಆಫೀಸಿನಲ್ಲಿದ್ದ ಕೊಂಕಣಿ ಹೆಂಗಸು ಅಪೊಲೊನಿಯಾ. ಮೂರ್ತಿ ಕಂಡದ್ದೇ ಅಪೊಲೊನಿಯಾ ಶಿಲುಬೆಯ ಗುರುತು ಮಾಡಿ ಮೊಣಕಾಲೂರಿದರು.

"ಲೆಸ್ಟರ್‌ಬಾಬ್, ಎಷ್ಟು ಚಂದ ಮಾಡಿದ್ದೀರಿ! ಯಾವ ಇಗರ್ಜಿಗೆ?"

"ಏಳಿ ಅಪೊಲೊನಿಯಾಬಾಯಿ, ಏಳಿ," ಲೆಸ್ಟರ್ ಹಲ್ಲು ಕಚ್ಚಿದ. "ಇದು ನೈಜೀರಿಯಾದ ದೇವಿ."

"ಹೌದಾ? ಅಲ್ಲಿಯೂ ಮಾತೆ ದರ್ಶನ ಕೊಟ್ಟಿದ್ದಾಳಾ?"

ಫೊಲಾಕೆಗೆ ಕನ್ನಡ ತಿಳಿಯದು. ಊರಿದ ಮೊಣಕಾಲು ತಿಳಿಯಿತು. ಇಂಗ್ಲಿಷಿನಲ್ಲಿ ಕೇಳಿದರು: "ಮಿಸ್ಟರ್ ಪಿಂಟೊ, ಇವರು ಯಾರು?"

"ಓಶುನ್, ಮೇಡಂ. ಹಂಡ್ರೆಡ್ ಪರ್ಸೆಂಟ್. ತುಂಬ ಸ್ಟಡಿ ಮಾಡಿದ್ದೇನೆ."

"ನಾನೂ ಕೆಥೊಲಿಕ್. ಇವರನ್ನು ಪ್ರತಿ ಶುಕ್ರವಾರ, ರಜೆಯ ದಿನ, ಇಗರ್ಜಿಯ ಪೂಜೆಯಲ್ಲಿ ನೋಡುತ್ತೇನೆ. ಮಸಿ ಬಳಿದರೆ ನನ್ನ ಅಜ್ಜಿಯ ದೇವಿ ಆಗುವುದಿಲ್ಲ. ಓಶುನ್ ತಲೆ ತಗ್ಗಿಸುವವಳಲ್ಲ, ಕೈ ಚಾಚಿ ಕರೆಯುವವಳು. ಅವಳ ಬಣ್ಣ ಹಿತ್ತಾಳೆಯ ಹಳದಿ. ನಾಳೆ ಬಂದಾಗಲೂ ಇವರೇ ನಿಂತಿದ್ದರೆ ನನ್ನ ಸಹಿ ಇಲ್ಲ."

ಫೊಲಾಕೆ ಹೋದ ಮೇಲೆ ರವೂಫರು, "ಹೊಸದು ಮಾಡ್ಲಿಕ್ಕೆ ಟೈಮಿಲ್ಲ. ಕೈ ಕೊಯ್ದು ಬೇರೆ ಹಾಕು. ಯಲ್ಲಾ, ಬೇಗ!" ಎಂದರು.

"ಮಾತೆಯ ಕೈ ಕೊಯ್ಯೋದಾ? ನೀವೇ ಒಮ್ಮೆ ಗರಗಸ ಹಿಡೀರಿ, ರವೂಫ್ ಭಾಯ್."

"ನಾನಾ? ನಾಳೆ ನಿಮ್ಮವರು ಯಾರಾದ್ರೂ ಕೇಳಿದ್ರೆ? ನನ್ನಿಂದಾಗದು. ಕಪ್ಪು ಬಳಿಯುವಾಗ ಇಲ್ಲದ ಭಕ್ತಿ ಈಗ ಎಲ್ಲಿಂದ ಬಂತು ಮಾರಾಯ? ನಿಂಗೆ ಹೆಂಡತಿ ಬೇಕಾ, ಈ ಫೈಬರ್ ಬೇಕಾ?"

ಲೆಸ್ಟರನ ಭಕ್ತಿ ಚಹಾ ಬರುವವರೆಗೆ ಉಳಿಯಿತು. ಚಹಾ ಕುಡಿದು, ಮೂರ್ತಿಯ ಮುಖಕ್ಕೆ ಸಿಮೆಂಟ್ ಚೀಲ ಹೊದಿಸಿ, ಕೊಂಕಣಿಯಲ್ಲಿ ಜಪ ಗೊಣಗುತ್ತಾ ಎರಡೂ ಕೈ ಕೊಯ್ದ. ತಲೆ ಎತ್ತಿ ನಿಲ್ಲಿಸಲು ಕುತ್ತಿಗೆಯನ್ನೂ ಕೊಯ್ಯಬೇಕಾಯಿತು. ಇದನ್ನು ಅವನು ಪಾಪನಿವೇದನೆಯಲ್ಲೂ ಹೇಳಿಲ್ಲ. ಆಮೇಲೆ, ಬೇರೆ ದಾರಿ ಕಾಣದೆ, ಫೋಟೊಗಳ ಕಟ್ಟು ಬಿಚ್ಚಿ ನೆಲದ ಮೇಲೆ ಹರಡಿ ನೋಡಿದ. ಏನನ್ನಾದರೂ ಮಾಡುವ ಮುಂಚೆ ಅವನು ಅದರ ಅಸಲನ್ನು ನೋಡಿದ್ದು ಅದೇ ಮೊದಲು.

ಮರುದಿನ ಫೊಲಾಕೆ, ತಲೆ ಎತ್ತಿ ಕೈ ಚಾಚಿ ನಿಂತ ಹಳದಿ ಮೂರ್ತಿಗೆ ಒಂದು ಸುತ್ತು ಬಂದು ಸಹಿ ಹಾಕಿದರು. ಹುದ್ದೆ ಬದಲಾಯಿತು. ಡೆಲ್ಫಿನ್ ಬಂದಳು. ಅಲ್ ನಹ್ದಾದಲ್ಲಿ, ಇನ್ನೊಂದು ಸಂಸಾರದ ಜೊತೆ ಹಂಚಿಕೊಂಡ ಫ್ಲ್ಯಾಟಿನಲ್ಲಿ ಒಂದು ಕೋಣೆ ಸಿಕ್ಕಿತು.

ಪ್ರದರ್ಶನ ಮುಗಿಯುವ ವಾರ ಲೆಸ್ಟರ್ ಅವಳನ್ನು ಕರೆದೊಯ್ದ. ಈಜಿಪ್ಟ್ ನನ್ನದು, ಗ್ರೀಸ್ ನನ್ನದು ಎಂದು ಬೆರಳು ತೋರಿಸುತ್ತಾ ನಡೆದವನು ಓಶುನ್ ಮುಂದೆ ಹೆಜ್ಜೆ ಚುರುಕು ಮಾಡಿದ.

ಡೆಲ್ಫಿನ್ ನಿಂತಳು. "ಇದು?"

"ಅದು ಬೇರೆ ಯಾರೋ ಮಾಡಿದ್ದು."

"ಅದೇ ನಾನೂ ಅಂದ್ಕೊಂಡೆ," ಎಂದಳು ಡೆಲ್ಫಿನ್. "ಇಲ್ಲಿ ಸ್ವಲ್ಪ ನೋಡುವ ಹಾಗಿರೋದು ಇದೊಂದೇ."