ಕ್ಯಾಮೆರಾದ ಮೇಲಿನ ಒಲ್ಲಿ

ಮಂಗಳವಾರ ಬೆಳಿಗ್ಗೆ ಎಂಟು ಐವತ್ತೆರಡಕ್ಕೆ ನಾನು ನಮ್ಮ ಎವರ್‌ಗ್ರೀನ್ ಬಡಾವಣೆಯ ಶ್ರೀಪಾದರಾಯರ ಮನೆಯ ಮುಂಬಾಗಿಲಲ್ಲಿ, ಕರಿಬೇವಿನ ಕುಂಡದ ಎಡಕ್ಕೆ ನಿಂತಿದ್ದೆ. ಗಡಿಯಾರ ನೋಡಿದ ನೆನಪು ನನಗಿಲ್ಲ. ಕಾಲಿಂಗ್ ಬೆಲ್ಲಿನ ಕ್ಯಾಮೆರಾಕ್ಕೆ ಇದೆ.

ಅದರ ವಿಡಿಯೊದಲ್ಲಿ ನಾನು ಕಾಣುತ್ತೇನೆ. ನಾಲ್ಕು ನಿಮಿಷ ನಿಲ್ಲುತ್ತೇನೆ. ಕುಂಡದಿಂದ ಒಣಗಿದ ಒಂದು ಎಲೆ ಕಿತ್ತು ಬಿಸಾಡುತ್ತೇನೆ. ಬೆಲ್ ಒತ್ತುವುದಿಲ್ಲ. ಆಮೇಲೆ, ದಿನಾ ಇಬ್ಬರೂ ಹೋಗುವ ವಾಕಿಂಗಿಗೆ ಒಬ್ಬನೇ ಹೊರಟುಹೋಗುತ್ತೇನೆ.

ಬೆಲ್ ಏಕೆ ಒತ್ತಲಿಲ್ಲ? ರಾಯರ ಪೂಜೆ ಇನ್ನೂ ಮುಗಿದಿಲ್ಲ ಎಂದುಕೊಂಡೆ. ಮಡಿಯಲ್ಲಿದ್ದಾಗ ಅವರು ಮಾತಾಡುವುದಿಲ್ಲ, ಬಾಗಿಲು ತೆರೆಯುವುದಿಲ್ಲ. (ಬೆಲ್ ಒತ್ತಿದವರನ್ನು ಆಮೇಲೆ ಸುಮ್ಮನೆ ಬಿಡುವುದೂ ಇಲ್ಲ.) ಹಾಗಾಗಿ ಬಂದೆ, ನಿಂತೆ, ಹೋದೆ.

ರಾಯರು ಧಾರವಾಡದವರು. ಎಪ್ಪತ್ತೊಂಬತ್ತು ವಯಸ್ಸು. ಚಿಪ್ ಕಂಪನಿಯಲ್ಲಿ ಮೂವತ್ತು ವರ್ಷ ಟೆಸ್ಟಿಂಗ್ ಮಾಡಿ ರಿಟೈರ್ ಆದವರು. ಹೆಂಡತಿ ಪದ್ಮಾವತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಒಬ್ಬರೇ ಇದ್ದರು. ಒಬ್ಬಳೇ ಮಗಳು ವಾಣಿ ಅರ್ಧ ಗಂಟೆ ದೂರದ ಪ್ಲೆಸೆಂಟನ್ನಿನಲ್ಲಿದ್ದಾಳೆ, ಈ ದೇಶದಲ್ಲೇ ಹುಟ್ಟಿ ಬೆಳೆದವಳು. ಎರಡು ವರ್ಷದ ಹಿಂದೆ ರಾಯರು ಗರಾಜಿನಲ್ಲಿ ಜಾರಿದ್ದೇ ನೆಪ, ಅವಳು ಒಂದು ವೀಕೆಂಡಿನಲ್ಲಿ ಮನೆಯ ತುಂಬ ಸೆನ್ಸರ್ ಕೂರಿಸಿದಳು. ಫ್ಯಾಮಿಲಿ ರೂಮಿನಲ್ಲಿ ಕ್ಯಾಮೆರಾ. ಕೈಗೆ, ಬಿದ್ದರೆ ತಾನೇ ಫೋನ್ ಮಾಡುವ ವಾಚು.

"ಮೂರ್ತಿ ಸಾಹೇಬ್ರ, ಮನ್ಯಾಗ ಅತ್ತಿ ಬಂದು ಕೂತಾಳ ನೋಡ್ರಿ," ಎಂದು ರಾಯರು ನನಗೆ ಕ್ಯಾಮೆರಾ ತೋರಿಸಿದ್ದರು. "ಪದ್ಮಾಗ ಅತ್ತಿ ಕಾಟ ಇರಲಿಲ್ಲ. ನನಗ ಬಂತು. ಮೂವತ್ತು ವರ್ಷ ನಾ ಟೆಸ್ಟ್ ಮಾಡಿದೆ, ಈಗ ಮಗಳು ನನ್ನ ಟೆಸ್ಟ್ ಮಾಡಲಿಕ್ಕ ಹತ್ಯಾಳ."

ನಗಬೇಡಿ. ನಮ್ಮ ಮನೆಯಲ್ಲೂ ಒಂದು ಸೆನ್ಸರ್ ಇದೆ, ಫ್ರಿಜ್ಜಿನ ಬಾಗಿಲಿಗೆ. ಮಧ್ಯಾಹ್ನ ಎರಡರೊಳಗೆ ಅದು ತೆರೆಯದಿದ್ದರೆ ಮಗನ ಫೋನು ಬರುತ್ತದೆ. ಹಸಿವಿಲ್ಲದ ದಿನವೂ ನಾನು ಫ್ರಿಜ್ ತೆರೆದು ಮುಚ್ಚುತ್ತೇನೆ. ಮಗ ನಿಶ್ಚಿಂತ, ನಾನು ಸ್ವತಂತ್ರ.

ರಾಯರು ಕ್ಯಾಮೆರಾಕ್ಕೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಪೂಜೆಯ ಹೊತ್ತಿಗೆ ಅದನ್ನು ಮುಚ್ಚುವುದು. ದೇವರ ಮಂಟಪ ಆ ರೂಮಿನ ಮೂಲೆಯಲ್ಲೇ ಇತ್ತು. ಎಂಟು ಗಂಟೆಗೆ ಸ್ನಾನ ಮುಗಿಸಿ ಬಂದು, ಹೆಗಲ ಮೇಲಿನ ಉತ್ತರೀಯವನ್ನು, ಅವರು ಒಲ್ಲಿ ಎನ್ನುವುದನ್ನು, ಕ್ಯಾಮೆರಾದ ಮೇಲೆ ಹೊದಿಸಿ, ಮಣೆಯ ಮೇಲೆ ಪೂಜೆಗೆ ಕೂರುತ್ತಿದ್ದರು. ವಾಚು ಮಡಿಗೆ ಆಗದು, ಅದು ಅಡುಗೆಮನೆಯ ಕಟ್ಟೆಯ ಮೇಲೆ. ಮುಕ್ಕಾಲು ಗಂಟೆ ಕಳೆದು ಒಲ್ಲಿ ತೆಗೆಯುತ್ತಿದ್ದರು. ಕ್ಯಾಮೆರಾ ಮುಚ್ಚಿದೆ ಎಂದು ವಾಣಿಯ ಫೋನಿಗೆ ದಿನಾ ಅಲರ್ಟ್ ಹೋಗುತ್ತಿತ್ತು. ಅಪ್ಪನ ಮಡಿ ಎಂದು ಅವಳು ದಿನಾ ಅದನ್ನು ಸರಿಸಿಬಿಡುತ್ತಿದ್ದಳು.

ಮಡಿ. ಎಲ್ಲರೂ ಹಾಗೇ ತಿಳಿದಿದ್ದರು. ನಾನೂ, ಕಳೆದ ವರ್ಷದ ಒಂದು ಬೆಳಿಗ್ಗೆಯವರೆಗೆ.

ಅಂದು ಹಿತ್ತಲ ಬಾಗಿಲು ತೆರೆದಿತ್ತು. ತೋಟದ ಬದನೆಕಾಯಿ ಕೊಡಲು ಒಳಗೆ ಹೋದೆ. ಪೂಜೆ ಮುಗಿದಿತ್ತು, ಒಲ್ಲಿ ಇನ್ನೂ ಕ್ಯಾಮೆರಾದ ಮೇಲಿತ್ತು, ರಾಯರು ಏಳುತ್ತಿದ್ದರು. ಮೊದಲ ಸಲ ನೆಲಕ್ಕೆ ಕೈಯೂರಿದರು, ಆಗಲಿಲ್ಲ. ಎರಡನೆಯ ಸಲ ಮಂಟಪದ ಅಂಚು ಹಿಡಿದರು, ಆಗಲಿಲ್ಲ. ಮೂರನೆಯ ಸಲ ಅಂಬೆಗಾಲಿಟ್ಟು ಊಟದ ಕುರ್ಚಿಯವರೆಗೆ ಬಂದು, ಅದರ ಮೇಲೆ ಹಣೆಯಿಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದರು. ಆಮೇಲೆ ಎದ್ದರು. ಎದ್ದ ಮೇಲೆ ನನ್ನನ್ನು ನೋಡಿದರು.

"ನೋಡಿದ್ರೇನು?"

"ನೋಡಿದೆ ರಾಯರೇ. ಕುರ್ಚಿ ಮೇಲೆ ಕೂತು ಪೂಜೆ ಮಾಡಬಾರದಾ?"

"ದೇವರು ಕೆಳಗ, ನಾ ಕುರ್ಚಿ ಮ್ಯಾಲ? ಏನ್ ದೇವರ ಇಂಟರ್ವ್ಯೂ ತಗೊಳ್ಳಿಕ್ಕ ಕೂತೀನೇನ್ರಿ?" ಎಂದರು. ಆಮೇಲೆ ದನಿ ತಗ್ಗಿಸಿದರು. "ಇಷ್ಟ ದಿನ ಪದ್ಮಾ ಒಬ್ಬಾಕಿ ನೋಡಿದ್ಲು. ಈಗ ನೀವು. ವಾಣಿಗೆ ಹೇಳಬ್ಯಾಡ್ರಿ. ಇದನ್ನ ನೋಡಿದ್ರ ಮರುದಿನಾನ ಪ್ಲೆಸೆಂಟನ್ನಿಗೆ ಒಯ್ತಾಳ. ನಾ ಬೀಳೂದು ಬೇಕಾದ್ರ ಆಕಿ ನೋಡ್ಲಿ. ಏಳೂದು ನೋಡಬಾರ್ದು."

ಹೇಳುವುದಿಲ್ಲ ಎಂದೆ. ಹೇಳಲಿಲ್ಲ.

ಆ ಮಂಗಳವಾರ ವಾಣಿಯ ಫೋನು ಬಂದದ್ದು ಒಂದು ಗಂಟೆ ಹತ್ತು ನಿಮಿಷಕ್ಕೆ. "ಅಂಕಲ್, ಕ್ಯಾಮೆರಾ ಇನ್ನೂ ಕವರ್ಡ್ ಇದೆ. ಅಪ್ಪ ಫೋನ್ ತಗೀತಿಲ್ಲ. ಕ್ಯಾನ್ ಯೂ ಗೋ?" ಇನ್ನೊಂದು ಬೀಗದಕೈ ನನ್ನ ಬಳಿ ಇತ್ತು. ಆರು ನಿಮಿಷದಲ್ಲಿ ತಲುಪಿದೆ.

ರಾಯರು ಮಣೆಯ ಪಕ್ಕದಲ್ಲಿ ಬಲಮಗ್ಗುಲಾಗಿ ಬಿದ್ದಿದ್ದರು. ಕುರ್ಚಿ ಮಗುಚಿತ್ತು. ಆರತಿಯ ಬತ್ತಿ ಉರಿದು ಆರಿತ್ತು. ಕಣ್ಣು ತೆರೆದಿತ್ತು, ಪ್ರಜ್ಞೆ ಇತ್ತು. ನಾನು 911ಕ್ಕೆ ಫೋನ್ ಮಾಡಿದೆ. ಇನ್ನೊಂದು ಕೈಯಿಂದ ಒಲ್ಲಿ ಎಳೆಯಹೋದೆ, ವಾಣಿ ಕಾಯುತ್ತಿದ್ದಾಳಲ್ಲ ಎಂದು.

"ತೆಗೀಬ್ಯಾಡ್ರಿ," ಎಂದರು ರಾಯರು. "ಮೊದಲ ನನ್ನ ಎಬ್ಬಸ್ರಿ."

ನಾನೂ ಎಪ್ಪತ್ತು ದಾಟಿದವನು. ಎಬ್ಬಿಸಲು ನನ್ನಿಂದ ಆಗಲಿಲ್ಲ. ನೀರು ಕುಡಿಸಿ, ಪಕ್ಕದಲ್ಲಿ ನೆಲದ ಮೇಲೆ ಕೂತೆ. ಆಂಬುಲೆನ್ಸಿನವರು ಬಂದು ಅವರನ್ನು ಸ್ಟ್ರೆಚರಿನ ಮೇಲೆ ಎತ್ತಿಕೊಂಡು ಹೋಗುವವರೆಗೆ ಒಲ್ಲಿ ತೆಗೆಯಲಿಲ್ಲ. ಅವರು ಹೋದ ಮೇಲೆ ತೆಗೆದು ಮಡಿಸಿದೆ. ಕೈಯಲ್ಲಿ ಒಲ್ಲಿ ಹಿಡಿದು ಕ್ಯಾಮೆರಾ ನೋಡುತ್ತ ನಿಂತ ನನ್ನ ವಿಡಿಯೊ ಕೂಡ ವಾಣಿಯ ಬಳಿ ಇದೆ.

ನಾಲ್ಕೂವರೆ ಗಂಟೆ ಹಾಗೆ ಬಿದ್ದದ್ದರಿಂದ ಕಿಡ್ನಿಗೆ ಏಟಾಗಿದೆ ಎಂದರು ಡಾಕ್ಟರು. ಒಂಬತ್ತನೆಯ ದಿನ ಶ್ರೀಪಾದರಾಯರು ಹೋದರು.

"ಐ ಸ್ವೈಪ್ಡ್ ಇಟ್, ಅಂಕಲ್," ಎಂದಳು ವಾಣಿ ಆಸ್ಪತ್ರೆಯ ಕಾರಿಡಾರಿನಲ್ಲಿ. "ಮೀಟಿಂಗಲ್ಲಿದ್ದೆ, ಸರಿಸಿಬಿಟ್ಟೆ. ದಿನಾ ಬರೋ ಅಲರ್ಟ್ ಅಲ್ವಾ ಅಂತ. ಅಪ್ಪನ ಮಡಿ ಅಂತ." ಅವಳು ನನ್ನ ನಾಲ್ಕು ನಿಮಿಷದ ವಿಡಿಯೊ ನೋಡಿದ್ದಳು. ಅದರ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಅದು ಮಡಿಯಲ್ಲ ವಾಣಿ, ಎಂದು ಅಲ್ಲೇ ಹೇಳಬೇಕಿತ್ತೇ? ಹೇಳಿದ್ದರೆ ಅವಳ ಭಾರ ಇಳಿಯುತ್ತಿತ್ತೇ, ಏರುತ್ತಿತ್ತೇ? ಒಂದು ವರ್ಷ ಮೊದಲೇ ಹೇಳಿದ್ದರೆ ರಾಯರು ಇಂದು ಪ್ಲೆಸೆಂಟನ್ನಿನಲ್ಲಿ ಕುರ್ಚಿಯ ಮೇಲೆ ಕೂತು, ನನ್ನನ್ನು ಬೈಯುತ್ತ, ಬದುಕಿರುತ್ತಿದ್ದರೇ?

ಪ್ರೈವೆಸಿ ಎಂದರೆ ಬಚ್ಚಲು, ಬಟ್ಟೆ, ಬ್ಯಾಂಕಿನ ಪಾಸ್‌ವರ್ಡ್ ಎಂದುಕೊಂಡಿದ್ದೆ. ಒಬ್ಬ ಅಪ್ಪ ತನ್ನ ಕಾಲ ಮೇಲೆ ನಿಲ್ಲಲು ತೆಗೆದುಕೊಳ್ಳುವ ಮೂರು ಪ್ರಯತ್ನ ಅದು ಎಂದು ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಅದನ್ನು ಕಾಯುವುದೇ ಸ್ನೇಹ ಎಂದುಕೊಂಡೆ.

ವಾಣಿಗೆ ಹೇಳಿಬಿಡಲೆಂದು ಈ ತಿಂಗಳು ಎರಡು ಸಲ ಫ್ರೀವೇ ಹಿಡಿದು ಪ್ಲೆಸೆಂಟನ್ನಿನ ಎಕ್ಸಿಟ್‌ವರೆಗೂ ಹೋದೆ. ಎರಡು ಸಲವೂ ಗ್ರೋಸರಿ ಕೊಂಡು ವಾಪಸ್ ಬಂದೆ. ವಾಣಿಗೆ ಕನ್ನಡ ಓದಲು ಬಾರದು. ಬರುತ್ತಿದ್ದರೆ ಇದನ್ನು ಇಲ್ಲಿ ಬರೆಯುತ್ತಿದ್ದೆನೇ?

ರಾಯರು ನೆಲದಿಂದ ಏಳುವುದನ್ನು ಕಣ್ಣಾರೆ ಕಂಡವರು ಇಬ್ಬರು. ಪದ್ಮಾವತಿಯವರು ಹೋಗಿ ಮೂರು ವರ್ಷವಾಯಿತು. ಇನ್ನೊಬ್ಬ ನಾನು, ಇನ್ನೂ ಇದ್ದೇನೆ.