ಅಣ್ಣನ ಅಂಗಿ

ಬರ್ಮಾದಿಂದ ಥಾಯ್ಲೆಂಡಿಗೆ ಓಡಿಬಂದ ನಮ್ಮ ಜನರ ಶಿಬಿರದ ಕೊನೆಯ ಸಾಲಿನಲ್ಲಿ, ಕಂಬಗಳ ಮೇಲೆ ಕಟ್ಟಿದ ಬಿದಿರಿನ ಮನೆಯಲ್ಲಿ ಲಾ ಬ್ವೆ ಒಬ್ಬಳೇ ಇದ್ದಳು. ತಾಯಿ ನದಿಯಾಚೆ ಬರ್ಮಾದಲ್ಲೇ ತೀರಿಕೊಂಡಿದ್ದಳು. ಗಂಡ ಎ ಡೋ, ಥಾಯ್ ಜನರ ಮೀನುದೋಣಿಯೊಂದರಲ್ಲಿ ದುಡಿಯುತ್ತಿದ್ದ; ದೋಣಿ ದಡಕ್ಕೆ ಬಂದಾಗಷ್ಟೇ ಅವನ ಫೋನು. ಅವರ ಮೊದಲ ಗಂಡುಮಗು ಹುಟ್ಟಿದ ವಾರದೊಳಗೆ ಮೈಯೆಲ್ಲ ಹಳದಿಯಾಗಿ ಸತ್ತಿತ್ತು. ಬಸುರಿಯಿದ್ದಾಗ ಅವಳು ಕುಂಬಳಕಾಯಿ ತಿಂದದ್ದೇ ಕಾರಣವೆಂದು ಸಾಲಿನ ಹೆಂಗಸರು ಆಡಿಕೊಂಡರು. ಆಮೇಲೆ ಅವಳು ಯಾರ ಮನೆಯ ಏಣಿಯನ್ನೂ ಹತ್ತಲಿಲ್ಲ.

ಎರಡನೆಯದೂ ಗಂಡು, ತಿಂಗಳು ತುಂಬುವ ಮೊದಲೇ ಹುಟ್ಟಿತು. ಪಕ್ಕದ ಮನೆಯವಳಾದ ನಾನು ಗಂಜಿ ಒಯ್ದಾಗ, ಅವಳು ತಗಡಿನ ಪೆಟ್ಟಿಗೆಯಿಂದ ಸತ್ತ ಮಗುವಿನ ಅಂಗಿ ತೆಗೆದು ಇದಕ್ಕೆ ತೊಡಿಸುತ್ತಿದ್ದಳು. ಮನೆ ತುಂಬ ಬಟ್ಟೆಯ ನಡುವೆ ಇಟ್ಟ ನುಸಿಗುಳಿಗೆಯ ವಾಸನೆ.

“ಇವನ ಅಣ್ಣಂದು ಅಕ್ಕಾ. ಇವನಾದ್ರೂ ಹಾಕ್ಕೊಳ್ಳಲಿ,” ಎಂದಳು.

ಒಂದೆರಡು ದಿನದಲ್ಲೇ ಮಗು ಮೊಲೆ ಬಿಟ್ಟು ಮಂಪರಿನಲ್ಲಿ ಮಲಗತೊಡಗಿತು. ಲಾ ಬ್ವೆ ಯಾರನ್ನೂ ಕರೆಯಲಿಲ್ಲ. ನಾನೇ ದಾದಿ ಮು ವಾಳನ್ನು ಕರೆತಂದೆ. ಅವಳು ಮಗುವನ್ನು ಬಾಗಿಲ ಬೆಳಕಿಗೆ ಹಿಡಿದು ಮೂಗಿನ ತುದಿ ಒತ್ತಿದಳು. ಒತ್ತಿದ ಜಾಗ ಅರಿಶಿನ ಹಚ್ಚಿದ ಹಾಗಿತ್ತು.

“ದಿನ ತುಂಬದೆ ಹುಟ್ಟಿದೆ, ಹಾಲೂ ಕುಡೀತಿಲ್ಲ. ಮೊದಲನೇದಕ್ಕೂ ಹೀಗೇ ಆಗಿತ್ತಲ್ವಾ?”

“ಹೂಂ.”

“ಮತ್ತೆ ಯಾಕೆ ಹೇಳಿ ಕಳಿಸ್ಲಿಲ್ಲ ತಾಯಿ?”

“ಇನ್ನೊಂದ್ಸಲ ಅನ್ನಿಸ್ಕೊಳ್ಳೋ ಶಕ್ತಿ ನಂಗಿಲ್ಲ.”

ಮು ವಾ ನುಸಿಗುಳಿಗೆ ನಾರುತ್ತಿದ್ದ ಆ ಅಂಗಿ ಬಿಚ್ಚಿ, ತನ್ನ ತಲೆವಸ್ತ್ರದಲ್ಲಿ ಮಗುವನ್ನು ಸುತ್ತಿಕೊಂಡು ಏಣಿ ಇಳಿದಳು.

ಆಸ್ಪತ್ರೆಯಲ್ಲಿ ರಕ್ತ ನೋಡಿದರು. ನಮ್ಮ ಜನರಲ್ಲಿ ಕೆಲವರ ರಕ್ತಕ್ಕೆ ಹುಟ್ಟಿನಿಂದಲೇ ಒಂದು ಕೊರತೆ. ನುಸಿಗುಳಿಗೆಯ ಗಾಳಿ ಸೋಕಿದರೂ ರಕ್ತಕಣಗಳು ಒಡೆದು ಮೈ ಹಳದಿಯಾಗುತ್ತದೆ. ಅದು ತಾಯಿಯಿಂದ ಗಂಡುಮಕ್ಕಳಿಗೆ ಬರುತ್ತದಂತೆ.

“ಹಾಗಾದ್ರೆ ಇಬ್ರಿಗೂ ನನ್ನಿಂದಾನೇ,” ಎಂದಳು ಲಾ ಬ್ವೆ.

“ನಿನ್ನ ಕಣ್ಣಿನ ಬಣ್ಣ ನೀನೇ ಆರಿಸ್ಕೊಂಡ್ಯಾ? ಇದೂ ಹಾಗೇ. ಕುಂಬಳಕಾಯಿಯಿಂದಂತೂ ಅಲ್ಲ,” ಎಂದಳು ಮು ವಾ.

ಮಗುವಿನ ಕಣ್ಣಿಗೆ ಪಟ್ಟಿ ಕಟ್ಟಿ, ಗಾಜಿನ ಪೆಟ್ಟಿಗೆಯೊಳಗೆ ಹಳದಿ ಇಳಿಸುವ ನೀಲಿ ದೀಪದ ಕೆಳಗೆ ಮಲಗಿಸಿದರು. ಹಾಲೂಡಿಸುವಾಗ ಮಾತ್ರ ಎತ್ತಿಕೊಳ್ಳಬಹುದಿತ್ತು. ಉಳಿದ ಹೊತ್ತೆಲ್ಲ ಲಾ ಬ್ವೆ ಗಾಜಿನ ಮೇಲೆ ಅಂಗೈ ಇಟ್ಟು ಕೂತಿರುತ್ತಿದ್ದಳು. ಬೇರೆ ಬಾಣಂತಿಯರ ಸುತ್ತ ಗಂಡ, ಅತ್ತೆ, ನಗು. ನಾನು ಒಯ್ದ ಅನ್ನವನ್ನು ಅವಳು ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು.

ಮಗು ಉಳಿಯಿತು. ಮನೆಗೆ ಬಂದವಳೇ ಪೆಟ್ಟಿಗೆಯ ಬಟ್ಟೆಯನ್ನೆಲ್ಲ ಗಂಟುಕಟ್ಟಿ, ಮೊದಲ ಮಗುವನ್ನು ಹೂತಲ್ಲೇ ಹೂಳಲು ಹೊರಟಳು. ಜೊತೆಗೆ ಬರುತ್ತೇನೆಂದರೆ ಬೇಡವೆಂದಳು.

ಎ ಡೋ ಬಂದದ್ದು ಮಗ ನಡೆಯಲು ಕಲಿತ ಮೇಲೆ. ಅವನು ಕೈಚಾಚಿದರೆ ಮಗು ಅಮ್ಮನ ಲುಂಗಿಯ ಹಿಂದೆ ಅಡಗಿಕೊಂಡಿತು.

“ಸ್ವಲ್ಪ ಹೊತ್ತು ಬಿಡಿ, ಒಗ್ಗಿಕೊಳ್ತಾನೆ,” ಎಂದಳು ಲಾ ಬ್ವೆ, ಅವಳೂ ಗಂಡನನ್ನು ಹೊಸಬನಂತೆ ನೋಡುತ್ತ.